‘ಅರ್ಧ ಬಾವಿ’ಗೆ ಆಕರ ಇಲ್ಲ

ಕ್ಲಾರೆನ್ಸ್ ಮತಾಯಸರಿಗೆ ಜನ ಬೇಕಾದ್ದೆಲ್ಲ ಹೇಳಿದ್ದಾರೆ. ತಲೆಹರಟೆ ಎಂದಿದ್ದಾರೆ, ಬಾಯಿಬಡುಕ ಎಂದಿದ್ದಾರೆ, ಅವರು ಗುಮಾಸ್ತರಾಗಿದ್ದ ಹಂಚಿನ ಕಾರ್ಖಾನೆಯ ಮ್ಯಾನೇಜರು ಒಮ್ಮೆ ಎಲ್ಲರೆದುರು ಕತ್ತೆ ಎಂದದ್ದೂ ಉಂಟು. ಅದನ್ನೆಲ್ಲ ಅವರು ನಕ್ಕು ಮರೆತಿದ್ದರು. ಆದರೆ ಎಂಬತ್ತರ ಹತ್ತಿರ ಬಂದ ಮೇಲೆ, ಮಣಿಪಾಲದ ಒಂದು ಕ್ಯಾಂಟೀನಿನಲ್ಲಿ ಕೂತು, ಮೊಮ್ಮಗಳ ಪ್ರಾಯದ ಹುಡುಗಿಯ ಬಾಯಿಯಿಂದ “ಅಜ್ಜ, ನೀವು ವಿಶ್ವಾಸಾರ್ಹ ಆಕರ ಅಲ್ಲ” ಎಂದು ಕೇಳಿಸಿಕೊಳ್ಳಬೇಕಾದಾಗ ಮಾತ್ರ ಅವರ ಪಿತ್ತ ನೆತ್ತಿಗೇರಿತು.

“ನಾನಲ್ಲದೆ ಮತ್ತೆ ಯಾರು ಮಾರಾಯ್ತಿ? ಆ ನಾಟಕದಲ್ಲಿ ಮಾತಾಡಿದವನು ನಾನು! ಈ ಗಂಟಲು!” ಎಂದು ಅವರು ತಮ್ಮ ಗಂಟಲನ್ನೇ ಹಿಡಿದು ತೋರಿಸಿದರು. ಅಜ್ಜನಿಗೆ ಬನ್ಸ್ ಸಿಕ್ಕಿಹಾಕಿಕೊಂಡಿತೆಂದು ಪಕ್ಕದ ಮೇಜಿನವರು ನೀರು ತಂದುಕೊಟ್ಟರು.

ಹುಡುಗಿಯ ಹೆಸರು ನಾಝಿಯಾ. ಕಾಪುವಿನಲ್ಲಿ ಬಟ್ಟೆ ಅಂಗಡಿ ಇಟ್ಟಿದ್ದ ಬದ್ರುದ್ದೀನ್ ಸಾಹೇಬರ ಮೊಮ್ಮಗಳು, ಮಣಿಪಾಲದಲ್ಲಿ ಎಂ.ಎ. ಓದುತ್ತಿದ್ದಳು. ಅಂತರಜಾಲದಲ್ಲಿ ಊರವರೆಲ್ಲ ಸೇರಿ ಬರೆಯುವ ಒಂದು ವಿಶ್ವಕೋಶ ಇದೆಯಲ್ಲ, ಅದರಲ್ಲಿ ಅವಳು ‘ಅರ್ಧ ಬಾವಿ’ ಎಂಬ ರೇಡಿಯೋ ಹಾಸ್ಯದ ಬಗ್ಗೆ ಒಂದು ಪುಟ ಬರೆದಿದ್ದಳು. ಆ ಪುಟದ ನೆತ್ತಿಯ ಮೇಲೆ ಯಾರೋ ಒಬ್ಬ ಮೇಲ್ವಿಚಾರಕ ಕೆಂಪು ಪಟ್ಟಿ ಕಟ್ಟಿಬಿಟ್ಟಿದ್ದ: ‘ವಿಶ್ವಾಸಾರ್ಹ ಆಕರಗಳಿಲ್ಲ. ಅಳಿಸಲು ಸೂಚಿಸಲಾಗಿದೆ.’ ಅವನ ಹೆಸರು ‘ನಿಷ್ಪಕ್ಷ’. ಅಪ್ಪ ಅಮ್ಮ ಇಟ್ಟ ಹೆಸರು ಎಂತದ್ದೋ, ಯಾರಿಗೆ ಗೊತ್ತು? ಅವನಿಗೆ ಮಾತ್ರ ಯಾರೂ ಆಕರ ಕೇಳುವುದಿಲ್ಲ.

‘ಅರ್ಧ ಬಾವಿ’ ಎಂದರೆ ಇಷ್ಟೇ. ಇಬ್ಬರು ನೆರೆಕರೆಯವರು. ಅವರ ಗಡಿಗೋಡೆ ಒಂದು ಬಾವಿಯ ಸರಿಮಧ್ಯದಲ್ಲಿ ಹಾದುಹೋಗುತ್ತದೆ. ಅರ್ಧ ಬಾವಿ ಆಚೆಯವನದ್ದು, ಅರ್ಧ ಈಚೆಯವನದ್ದು. ಪಾತ್ರಗಳಿಗೆ ಬೇರೆ ಹೆಸರೇ ಇಲ್ಲ, ಒಬ್ಬ ಆಚೆಯವ, ಇನ್ನೊಬ್ಬ ಈಚೆಯವ. ವಾರವಾರವೂ ಜಗಳ. ಈಚೆಯ ಕಪ್ಪೆ ಆಚೆಯ ನೀರು ಕುಡಿದು ಈಚೆಗೆ ಬಂದು ವಟಗುಟ್ಟಿದರೆ ಬೈಗುಳ ಯಾರಿಗೆ ಸಲ್ಲಬೇಕು? ಹುಣ್ಣಿಮೆಯ ಚಂದ್ರ ಆಚೆಯ ನೀರಿನಲ್ಲೇ ಜಾಸ್ತಿ ಹೊತ್ತು ಕೂತುಕೊಂಡರೆ ಈಚೆಯವನು ಪಂಚಾಯತಿಗೆ ದೂರು ಕೊಡಬಹುದೋ? ಎಂಬತ್ತರ ದಶಕದಲ್ಲಿ, ರೈತರ ಕಾರ್ಯಕ್ರಮ ಮುಗಿದ ಮೇಲೆ, ಧಾರಣೆ ಓದುವ ಮೊದಲು ಅದು ಬರುತ್ತಿತ್ತು. ಆಚೆಯವನ ಧ್ವನಿ ಕ್ಲಾರೆನ್ಸರದ್ದು. ಈಚೆಯವನ ಧ್ವನಿ ಬದ್ರುದ್ದೀನರದ್ದು, ಬರೆಯುತ್ತಿದ್ದವರೂ ಅವರೇ.

ಆದರೆ ಬರೆದವರು ಯಾರೆಂದು ಕೇಳಿದವರಿಗೆ ಒಮ್ಮೆಯೂ ಗೊತ್ತಾಗಲಿಲ್ಲ. ಕೊನೆಯಲ್ಲಿ ಅನೌನ್ಸರು “ಈ ಹಾಸ್ಯವನ್ನು ಬರೆದವರು...” ಎನ್ನುವಷ್ಟರಲ್ಲಿ ಹೊತ್ತು ಮುಗಿಯುತ್ತಿತ್ತು. ತಕ್ಷಣ “ಈಗ ಅಡಿಕೆ ಧಾರಣೆ.” ಪ್ರತಿ ಸಲವೂ ಹೀಗೆಯೇ. ಬದ್ರುದ್ದೀನರ ಹೆಂಡತಿ ಬದುಕಿದ್ದಷ್ಟು ಕಾಲವೂ “ಬರೆದವರು ಹೊಸ ಅಡಿಕೆ, ಹಳೆ ಅಡಿಕೆ” ಎಂದು ಅವರನ್ನು ತಮಾಷೆ ಮಾಡುತ್ತಿದ್ದರಂತೆ. ಈಗ ಬದ್ರುದ್ದೀನರಿಗೆ ಹೃದಯದ ತೊಂದರೆ. ಡಾಕ್ಟರು ಮನೆಯವರನ್ನು ಹೊರಗೆ ಕರೆದು ಮಾತಾಡಲು ಶುರುಮಾಡಿದ್ದರು. “ನನಗೆ ಬೇರೆ ಎಂತ ಆಸೆಯೂ ಇಲ್ಲ. ಬರೆದವರು ಬದ್ರುದ್ದೀನ್ ಅಂತ ಎಲ್ಲಿಯಾದರೂ ಒಂದು ಕಡೆ ನೋಡಿ ಹೋಗ್ತೇನೆ” ಎಂದು ಅವರು ಹೇಳಿದ್ದು ಕ್ಲಾರೆನ್ಸರ ಎದೆಯಲ್ಲಿ ಮುಳ್ಳಿನ ಹಾಗೆ ಕೂತಿತ್ತು. ಅದಕ್ಕೇ ಕಾರ್ಕಳದಿಂದ ಬಸ್ಸಿನಲ್ಲಿ ಮಣಿಪಾಲಕ್ಕೆ ಬಂದದ್ದು, ಇಲ್ಲದಿದ್ದರೆ ಆ ಸೆಕೆಗೆ ಅವರು ಜಗಲಿ ಇಳಿಯುವ ಜನವೇ ಅಲ್ಲ.

ನಾಝಿಯಾ ಪಾಪ, ತಿರುಗದ ಕಡೆ ಇಲ್ಲ. ರೇಡಿಯೋ ಸ್ಟೇಷನ್ನಿಗೆ ಹೋದರೆ, ಆ ಕಾಲದ ಟೇಪುಗಳ ಮೇಲೆಯೇ ಬೇರೆ ರೆಕಾರ್ಡು ಮಾಡುತ್ತಿದ್ದರಂತೆ. ‘ಅರ್ಧ ಬಾವಿ’ ಇದ್ದ ಟೇಪಿನಲ್ಲಿ ಈಗ ಗೇರು ಮರಕ್ಕೆ ಬರುವ ಕೀಟಗಳು. ಆ ಕಾಲದ ಪೇಪರುಗಳಲ್ಲಿ ಒಂದಕ್ಷರ ಇಲ್ಲ. ಕೊನೆಗೆ ಕೇಳಿದವರನ್ನಾದರೂ ಹುಡುಕುವಾ ಎಂದು ಹೊರಟಳು. ಅಲ್ಲಿ ನೋಡಿ ಎಲ್ಲ ಗೊಂದಲವಾಗಿ ದೊಡ್ಡ ಒಟ್ರಾಸಿ ಆದದ್ದು. ಎಲ್ಲೂರಿನ ಶರ್ಮಿಳಾ ಎಂಬ ಟೀಚರು, “ಓ, ಗೊತ್ತುಂಟಲ್ಲ! ಎಷ್ಟು ಚಂದದ ತುಳು!” ಎಂದರು. ಅಲೆವೂರಿನ ರೋಸಲಿನ್ ಬಾಯಿ, “ರೇಡಿಯೋದಲ್ಲಿ ಅಷ್ಟು ಒಳ್ಳೆಯ ಕೊಂಕಣಿ ಮತ್ತೆ ಕೇಳಲೇ ಇಲ್ಲ” ಎಂದು ಕಣ್ಣೊರೆಸಿಕೊಂಡರು. ಇನ್ನು ಬದ್ರುದ್ದೀನರ ಸ್ವಂತ ತಂಗಿ ಆಸ್ಯಾ, “ಬ್ಯಾರಿ ಭಾಷೆಯಲ್ಲಿ ಬಂದ ಮೊದಲ ನಾಟಕ ಅದೇ” ಎಂದು ಕೈ ತಟ್ಟಿ ಹೇಳಿದರು.

“ಯಾರ ತಲೆ ಅದು! ಕನ್ನಡ ಮಾರಾಯ್ತಿ, ಅಚ್ಚ ಪುಸ್ತಕದ ಕನ್ನಡ. ನಾನು ಬಾಯ್ತಪ್ಪಿ ‘ಎಂತ’ ಅಂದರೆ ರೆಕಾರ್ಡಿಂಗ್ ನಿಲ್ಲಿಸಿ ‘ಏನು ಎನ್ನಿ’ ಅಂತ ಹೇಳ್ತಿದ್ದರು” ಎಂದು ಕ್ಲಾರೆನ್ಸ್ ಮೇಜು ಗುದ್ದಿದರು.

“ನೀವು ಹೇಳಿದರೆ ಆಗ್ಲಿಕ್ಕಿಲ್ಲ ಅಜ್ಜ. ನೀವು ಅದರಲ್ಲಿ ಇದ್ದವರು. ಇದ್ದವರು ಹೇಳುವುದು ಆಕರ ಅಲ್ಲ.”

“ಮತ್ತೆ ಇಲ್ಲದವರು ಹೇಳ್ಬೇಕಾ?”

“ಹೌದು. ಪೇಪರಿನಲ್ಲಿ ಬರ್ಬೇಕು. ಮೂರು ಸಾಕ್ಷಿ, ಮೂರು ಭಾಷೆ, ಬರೆದವಳು ಮೊಮ್ಮಗಳು, ಇದು ಕಟ್ಟುಕತೆ ಅಂತ ಆ ನಿಷ್ಪಕ್ಷ ಬರೆದಿದ್ದಾನೆ.”

ಪೇಪರು ತಾನೇ? ಕ್ಲಾರೆನ್ಸರು ಸೀದಾ ಮನೆಗೆ ಬಂದು ಬರೆಯಲು ಕೂತರು. ಕಾರ್ಖಾನೆಯಲ್ಲಿ ಜೀವಮಾನವಿಡೀ ಅರ್ಜಿ ಬರೆದ ಕೈ. ಚುಟುಕಾಗಿ ಬರೆದರು: ಹೆಸರು, ಊರು, ಪ್ರಾಯ, ಎಂಬತ್ತರ ದಶಕದ ಜನಪ್ರಿಯ ರೇಡಿಯೋ ಹಾಸ್ಯ ‘ಅರ್ಧ ಬಾವಿ’ಯಲ್ಲಿ ಆಚೆಯವನ ಪಾತ್ರಧಾರಿ, ಈ ಹಾಸ್ಯವನ್ನು ಬರೆದವರು ಕಾಪುವಿನ ಬದ್ರುದ್ದೀನ್. ಕೊನೆಗೆ ಮರ್ಯಾದೆಗೆ ಪತ್ನಿ ಬರ್ತಾ, ಪುತ್ರ ಡೆನ್ವರ್ ಎಂದೂ ಸೇರಿಸಿ, ಒಂದು ಪಾಸ್‌ಪೋರ್ಟ್ ಸೈಜಿನ ಫೋಟೋ ಪಿನ್ನು ಮಾಡಿದರು. ಕಾರ್ಕಳ ಪೇಟೆಯಲ್ಲಿ ಒಂದು ಝೆರಾಕ್ಸ್ ಅಂಗಡಿ ಉಂಟು. ಪೇಪರಿನ ವರದಿಗಾರ ಜೇಮ್ಸನಿಗೆ ಸುದ್ದಿ ಕೊಡುವವರೆಲ್ಲ ಅಲ್ಲಿ ಇಟ್ಟು ಹೋಗುವುದು, ಅವನು ಸಂಜೆ ಬಂದು ಒಯ್ಯುವುದು. ಕ್ಲಾರೆನ್ಸರೂ ಅಲ್ಲೇ ಇಟ್ಟು ಬಂದರು.

ಈಗ ಜೇಮ್ಸನನ್ನು ಬೈಯಬೇಡಿ. ಈ ಜಿಲ್ಲೆಯಲ್ಲಿ ಒಬ್ಬ ಮನುಷ್ಯನ ಪಾಸ್‌ಪೋರ್ಟ್ ಸೈಜಿನ ಫೋಟೋ, ಹುಟ್ಟಿದ ಊರು, ಮಾಡಿದ ಒಳ್ಳೆಯ ಕೆಲಸ, ಹೆಂಡತಿ ಮಕ್ಕಳ ಹೆಸರು ಇಷ್ಟೂ ಒಂದೇ ಹಾಳೆಯಲ್ಲಿ ಬಂತೆಂದರೆ ಆ ಮನುಷ್ಯ ಎಲ್ಲಿಗೆ ಹೋಗಿದ್ದಾನೆಂದು ಯಾರಿಗೂ ಹೇಳಿಕೊಡಬೇಕಾಗಿಲ್ಲ. ಬದುಕಿದವರ ಬಗ್ಗೆ ಅಷ್ಟು ಒಳ್ಳೆಯದು ಇಲ್ಲಿ ಯಾರು ಬರೆಯುತ್ತಾರೆ? ಜೇಮ್ಸ್ ಒಂದೇ ಒಂದು ಶಬ್ದ ಸೇರಿಸಿದ, ‘ಅಗಲಿದ್ದಾರೆ’. ಅಲ್ಲ, ಸುಳ್ಳು ಯಾಕೆ ಹೇಳುವುದು, ಇನ್ನೂ ಎರಡು ಸೇರಿಸಿದ್ದ, ‘ಪ್ರಗತಿಪರ ಕೃಷಿಕರಾಗಿದ್ದ’ ಎಂದು. ಕ್ಲಾರೆನ್ಸರ ಅಂಗಳದಲ್ಲಿ ಒಂದು ಬಸಳೆ ಚಪ್ಪರ ಬಿಟ್ಟರೆ ಬೇರೆ ಕೃಷಿ ಇರಲಿಲ್ಲ. ಮತ್ತೆ ‘ಅರ್ಧ ಬಾವಿ’ಯ ಮುಂದೆ, ತನ್ನ ಮನೆಯಲ್ಲೂ ಹಿರಿಯರು ಅದರ ಮಾತು ಹೇಳಿ ನಗುತ್ತಿದ್ದದ್ದು ನೆನಪಾಗಿ, ‘ತುಳು’ ಎಂದೂ ಹಾಕಿದ್ದ.

ಬೆಳಿಗ್ಗೆ ಕ್ಲಾರೆನ್ಸರು ಅಭ್ಯಾಸದಂತೆ ಮೊದಲು ನಿಧನದ ಪುಟವನ್ನೇ ತೆರೆದರು. ನಮ್ಮ ಕಡೆ ಎಲ್ಲರೂ ಹಾಗೆಯೇ, ಮುಖಪುಟದ ಮಂತ್ರಿಗಳು ಕಾಯಬಹುದು. ಎಡಗಡೆಯಿಂದ ಒಬ್ಬೊಬ್ಬರನ್ನೇ ನೋಡುತ್ತಾ ಬಂದು, “ಛೆ, ಇವನನ್ನು ಎಲ್ಲೋ ನೋಡಿದ್ದೇನೆ” ಎಂದು ಕನ್ನಡಕ ಸರಿಮಾಡಿಕೊಂಡರು.

ಆಮೇಲಿನ ರಗಳೆ ಹೇಳಿ ಸುಖವಿಲ್ಲ. ದೋಹಾದಿಂದ ಡೆನ್ವರ್ ಫೋನು ಮಾಡಿ, ಫೋನೆತ್ತಿದ ಅಪ್ಪನ ಹತ್ತಿರವೇ “ಅಪ್ಪ ಹೇಗೆ ಹೋದರು?” ಎಂದು ಅತ್ತ. ಜನ ಬರಲು ಶುರುವಾದರು. ಬರ್ತಾ ಬಾಯಿಗೆ ಸಿಟ್ಟು ಎಂದರೆ ಸಿಟ್ಟು. ಬಂದವರಿಗೆ ಬಾಗಿಲಲ್ಲೇ ನಿಂತು, “ಸತ್ತಿಲ್ಲ, ಕೂತಿದ್ದಾರೆ, ಒಳಗೆ ಬನ್ನಿ” ಎಂದು ಹೇಳಿ ಹೇಳಿ ಅವರ ಗಂಟಲು ಒಣಗಿತು. ಬಂದವರಾದರೂ ಸುಮ್ಮನೆ ಹೋದರೇ? ಬದುಕಿದ್ದಾರೆಂದು ಗೊತ್ತಾದ ಮೇಲೂ ಚಹಾ ಕುಡಿದು, ಜಗಲಿಯಲ್ಲಿ ಕೂತು ‘ಅರ್ಧ ಬಾವಿ’ಯ ಭಾಷೆ ಯಾವುದೆಂದು ಜಗಳಕ್ಕೆ ನಿಂತರು. ಪೇಪರಿನಲ್ಲಿ ತುಳು ಎಂದಿದೆಯಲ್ಲ ಎಂದು ಅರ್ಧ ಜನ, ಇಗರ್ಜಿಯ ಕಡೆಯವರೆಲ್ಲ ಕೊಂಕಣಿ ಎಂದು. ಕ್ಲಾರೆನ್ಸರು “ಕನ್ನಡ!” ಎಂದು ಕೂಗಿದರೆ, ಒಬ್ಬರು ಅವರ ಬೆನ್ನು ಸವರಿ, “ಪಾಪ, ನಿಮಗೆ ಇವತ್ತು ಮಂಡೆ ಬಿಸಿ” ಎಂದರು.

“ನೀನಾದರೂ ಹೇಳು ಬರ್ತಾ!”

“ಎಂತ ಹೇಳುವುದು? ಕೊಂಕಣಿಯೇ ಅಲ್ವಾ?” ಎಂದರು ಬರ್ತಾ ಬಾಯಿ. “ನನಗೆ ಆಗ ಕನ್ನಡ ಎಲ್ಲಿ ಬರ್ತಿತ್ತು? ರೇಡಿಯೋದ ಹತ್ತಿರ ನಿಮ್ಮ ತಂಗಿ ಕೂತುಕೊಂಡು ಒಂದೊಂದೇ ಮಾತು ಕೊಂಕಣಿಯಲ್ಲಿ ನಮಗೆ ಹೇಳ್ತಿದ್ದಳು. ನಾವು ಅವಳನ್ನು ನೋಡಿ ನಗ್ತಿದ್ದದ್ದು.”

ಪ್ರತಿ ಮನೆಯಲ್ಲೂ ಒಬ್ಬಳು ಶಾಲೆಗೆ ಹೋದ ತಂಗಿಯೋ ಅತ್ತಿಗೆಯೋ ಇದ್ದಿರಬೇಕು, ಪ್ರತಿ ಮನೆಯಲ್ಲೂ ಬೇರೆಯೇ ಒಂದು ‘ಅರ್ಧ ಬಾವಿ’ ಇದ್ದಿರಬೇಕು ಎಂದು ಕ್ಲಾರೆನ್ಸರಿಗೆ ಹೊಳೆಯಿತು. ಇಷ್ಟು ವರ್ಷ ತಾನು ಜನರನ್ನು ನಗಿಸಿದೆನೆಂದು ಬೀಗಿದ್ದರಲ್ಲ, ಸ್ವಂತ ಹೆಂಡತಿಯನ್ನು ನಗಿಸಿದವಳು ತಂಗಿ! ಅವರಿಗೆ ನಗು ಬಂತು, ಹೊಟ್ಟೆಕಿಚ್ಚೂ ಆಯಿತು.

ಅಷ್ಟರಲ್ಲಿ ಜೇಮ್ಸ್ ಬೆವರೊರೆಸಿಕೊಳ್ಳುತ್ತಾ ಬಂದ. ಕಾಲಿಗೆ ಬೀಳುವುದೊಂದು ಬಾಕಿ. “ತಪ್ಪಾಯ್ತು ಸರ್, ನಾಳೆಯೇ ತಿದ್ದುಪಡಿ ಹಾಕಿಸ್ತೇನೆ” ಎಂದು ಆಫೀಸಿಗೆ ಫೋನು ಹಚ್ಚಿಯೂ ಆಗಿತ್ತು. ಆಗಲೇ ಕ್ಲಾರೆನ್ಸರ ಫೋನೂ ಹೊಡೆದುಕೊಂಡಿತು. ನಾಝಿಯಾ. ಅಳುತ್ತಿದ್ದಾಳೋ ನಗುತ್ತಿದ್ದಾಳೋ ಗೊತ್ತಾಗುವಂತಿರಲಿಲ್ಲ.

“ಅಜ್ಜ, ನೀವು ಬದುಕಿದ್ದೀರಾ? ಅಲ್ಹಮ್ದುಲಿಲ್ಲಾ! ಇಲ್ಲಿ ಕೇಳಿ, ಆ ನಿಷ್ಪಕ್ಷ ಕೆಂಪು ಪಟ್ಟಿ ತೆಗೆದಿದ್ದಾನೆ! ಪೇಪರಿನಲ್ಲಿ ಬಂದ ನಿಧನವಾರ್ತೆ ವಿಶ್ವಾಸಾರ್ಹ ಆಕರ ಅಂತ ಒಪ್ಪಿದ್ದಾನೆ. ಬರೆದವರು ಬದ್ರುದ್ದೀನ್ ಅಂತ ಪುಟದಲ್ಲಿ ಉಂಟು!”

“ಮತ್ತೆ ಇವನು ತಿದ್ದುಪಡಿ ಹಾಕಿದರೆ?”

“ಹಾಗಾದರೆ ವಾರ್ತೆಯೇ ತಪ್ಪು ಅಂತ ಆಗ್ತದೆ. ಆಕರ ಹೋಗ್ತದೆ. ಪುಟವೂ ಹೋಗ್ತದೆ.”

ಕ್ಲಾರೆನ್ಸರು ಜೇಮ್ಸನ ಕೈಯಿಂದ ಫೋನು ಕಸಿದು ಕಟ್ ಮಾಡಿದರು. “ತಿದ್ದುಪಡಿ ಬೇಡ. ನಾನು ಸತ್ತದ್ದು ಸತ್ತದ್ದೇ.” ಬದುಕಿದವನೇ ಬದುಕಿದ್ದೇನೆಂದು ಹಾಕಬೇಡಿ ಎಂದರೆ ಹಾಕಲು ಜೇಮ್ಸನಿಗೇನು ಹುಚ್ಚೇ? ಅವನು ಒಂದರ ಮೇಲೊಂದು ಎರಡು ಗ್ಲಾಸು ನೀರು ಕುಡಿದು ಸ್ಕೂಟರು ಹತ್ತಿದ.

ಸತ್ತು ಬದುಕುವುದು ಹೇಳಿದಷ್ಟು ಸುಲಭ ಅಲ್ಲ. ಭಾನುವಾರ ಇಗರ್ಜಿಯಲ್ಲಿ ಮೃತರ ಆತ್ಮಗಳಿಗಾಗಿ ಪ್ರಾರ್ಥನೆ ಓದುವಾಗ, ಬೇರೆ ವಠಾರದ ವಾಡೆಯವರು ಯಾರೋ ಕೊಟ್ಟ ಕ್ಲಾರೆನ್ಸರ ಹೆಸರೂ ಬಂತು. ಎಲ್ಲರೂ ಅವರ ಕಡೆ ತಿರುಗಿದರು. ಅವರು ಕಣ್ಣು ಮುಚ್ಚಿ, ಉಳಿದವರಿಗಿಂತ ಗಟ್ಟಿಯಾಗಿ “ಆಮೆನ್” ಎಂದರು. ಮದುವೆಯ ಆಮಂತ್ರಣ ‘ದಿವಂಗತ ಕ್ಲಾರೆನ್ಸರ ಕುಟುಂಬಕ್ಕೆ’ ಎಂದು ಬಂತು. ಬರ್ತಾ ಬಾಯಿ ಮಾತು ಬಿಟ್ಟರು. ಮಾತು ಬಿಟ್ಟದ್ದು ಮಾತ್ರವಲ್ಲ, ಬೇಕೆಂದೇ ಕಪ್ಪು ಸೀರೆ ಉಟ್ಟು ಅಂಗಳ ಗುಡಿಸಿದರು. “ಹೆಂಡತಿಗಿಂತ ನಿಮಗೆ ಆ ಬಾವಿಯೇ ದೊಡ್ಡದು” ಎಂದು ಪೊರಕೆಗೆ ಕೇಳುವಂತೆ ಹೇಳಿದರು. ಕ್ಲಾರೆನ್ಸರಿಗೆ ನೋವಾಯಿತು. ಆದರೂ ತಿದ್ದುಪಡಿ ಹಾಕು ಎಂದು ಜೇಮ್ಸನಿಗೆ ಫೋನು ಮಾಡಲಿಲ್ಲ.

ಬಿಡುವಾದ ಕೂಡಲೇ ಕಾಪುವಿಗೆ ಹೋದರು. ಬದ್ರುದ್ದೀನರು ದಿಂಬಿಗೊರಗಿ ಕೂತಿದ್ದರು. ಒಬ್ಬರ ಮನೆಮಾತು ಬ್ಯಾರಿ, ಇನ್ನೊಬ್ಬರದ್ದು ಕೊಂಕಣಿ, ಆದರೆ ತಮ್ಮೊಳಗೆ ಅವರು ಮಾತಾಡುವುದು ಇಂದಿಗೂ ಕನ್ನಡವೇ, ಸ್ಟುಡಿಯೋದಲ್ಲಿ ಹತ್ತಿದ ಅಭ್ಯಾಸ. ನಾಝಿಯಾ ಫೋನಿನಲ್ಲಿ ಪುಟವನ್ನು ದೊಡ್ಡದು ಮಾಡಿ ಕೊಟ್ಟಿದ್ದಳು. ‘ಬರೆದವರು: ಬದ್ರುದ್ದೀನ್, ಕಾಪು.’ ಅವರು ಆ ಸಾಲನ್ನು ಬೆರಳಿನಿಂದ ಸವರುತ್ತಿದ್ದರು. ಸವರಿದಾಗಲೆಲ್ಲ ಪುಟ ಮೇಲೆ ಕೆಳಗೆ ಓಡಿಹೋಗುತ್ತಿತ್ತು, ನಾಝಿಯಾ ಹಿಡಿದು ತರುತ್ತಿದ್ದಳು.

“ನೋಡಿದೆಯಾ ಕ್ಲಾರೆನ್ಸ್? ಅಡಿಕೆ ಇಲ್ಲದೆ ನನ್ನ ಹೆಸರು!” ಅವರ ಕಣ್ಣಲ್ಲಿ ನೀರಿತ್ತು. ಕ್ಲಾರೆನ್ಸರಿಗೆ ಸಾರ್ಥಕವಾಯಿತು. ಈ ಒಂದು ಮುಖ ನೋಡಲು ಇನ್ನೂ ನಾಲ್ಕು ಸಲ ಸಾಯಬಹುದು ಎನಿಸಿತು.

ಅಷ್ಟರಲ್ಲಿ ಪುಟ ಮತ್ತೆ ಜಾರಿ ಕೆಳಗೆ ಹೋಯಿತು. ಬದ್ರುದ್ದೀನರು ಓದಿದರು: ‘ಕ್ಲಾರೆನ್ಸ್ ಮತಾಯಸ್ (ನಿಧನ).’ ತಲೆಯೆತ್ತಿ ಕ್ಲಾರೆನ್ಸರನ್ನು ನೋಡಿದರು. ಮತ್ತೆ ಫೋನು ನೋಡಿದರು. “ಇದೆಂತ?”

ಮನೆಯವರು ಅವರ ಎದೆ ತಡೆಯಲಿಕ್ಕಿಲ್ಲವೆಂದು ನಿಧನವಾರ್ತೆ ಬಂದ ದಿನ ಪೇಪರನ್ನೇ ತೋರಿಸಿರಲಿಲ್ಲ. ಕ್ಲಾರೆನ್ಸರು ಎಲ್ಲವನ್ನೂ ಹೇಳಿದರು, ಜೇಮ್ಸನದ್ದು, ಬಸಳೆಯದ್ದು, ಇಗರ್ಜಿಯದ್ದು. ಬದ್ರುದ್ದೀನರು ಕೆಮ್ಮು ಬರುವಷ್ಟು ನಕ್ಕರು. ಬರ್ತಾ ಬಾಯಿಯ ಕಪ್ಪು ಸೀರೆಯ ಮಾತು ಬಂದಾಗ ಮಾತ್ರ ಅವರ ನಗು ನಿಂತಿತು.

“ಇದು ಆಗುವ ಕೆಲಸ ಅಲ್ಲ” ಎಂದರು.

“ಆಗಿದೆಯಲ್ಲ.”

“ನಿನಗೆ ಬುದ್ಧಿ ಉಂಟಾ? ಬದುಕಿದವನನ್ನು ಕೊಂದು ನನ್ನ ಹೆಸರು ಎಂತಕ್ಕೆ?”

“ನನ್ನ ಸಾವು, ನನ್ನ ಇಷ್ಟ. ನಿನ್ನ ಅಪ್ಪಣೆ ಬೇಕಾ?”

“ಪುಟ ನನ್ನದು!”

“ಪುಟದಲ್ಲಿ ಅರ್ಧ ನನ್ನದು!” ಎಂದು ಕ್ಲಾರೆನ್ಸರು ಕಿರುಚಿದರು. ಇಬ್ಬರೂ ಏರಿದ ದನಿಯಲ್ಲಿ ಜಗಳಕ್ಕೆ ನಿಂತರು. ರೋಗಿಗೆ ಆಯಾಸ ಆಗ್ತದೆ ಎಂದು ಸೊಸೆ ಸಾಜಿದಾ ಓಡಿಬಂದು ಕ್ಲಾರೆನ್ಸರನ್ನು ಎಬ್ಬಿಸಿ ಕಳಿಸಬೇಕಾಯಿತು. ಬಸ್ಸಿನಲ್ಲಿ ದಾರಿಯುದ್ದಕ್ಕೂ ಅವರು ಗೊಣಗಿದರು. ಕೃತಜ್ಞತೆ ಇಲ್ಲದ ಮನುಷ್ಯ.

ಸ್ವಲ್ಪ ದಿನ ಕಳೆದು, ಬೆಳಿಗ್ಗೆ ನಿಧನದ ಪುಟದ ಮೂಲೆಯಲ್ಲಿ, ಚಿಕ್ಕ ಚೌಕಟ್ಟಿನಲ್ಲಿ, ಅದೇ ಪಾಸ್‌ಪೋರ್ಟ್ ಫೋಟೋ. ‘ಸ್ಪಷ್ಟನೆ: ಕಾರ್ಕಳ ಬಳಿಯ ಕುಕ್ಕುಂದೂರಿನ ಕ್ಲಾರೆನ್ಸ್ ಮತಾಯಸ್ ಅವರು ಜೀವಂತವಾಗಿದ್ದು ಆರೋಗ್ಯದಿಂದ ಇದ್ದಾರೆ. ಹಿಂದೆ ಪ್ರಕಟವಾದ ವಾರ್ತೆ ಪ್ರಮಾದದಿಂದಾದದ್ದು. ವಿಷಾದಿಸುತ್ತೇವೆ.’

ಕ್ಲಾರೆನ್ಸರು ನಾಝಿಯಾ ಹಾಕಿಕೊಟ್ಟಿದ್ದ ಪುಟವನ್ನು ಫೋನಿನಲ್ಲಿ ಒತ್ತಿದರು. ಆಗ ಅದು ಇನ್ನೂ ಇತ್ತು. ಮಧ್ಯಾಹ್ನ ನೋಡಿದಾಗ ಇರಲಿಲ್ಲ. ‘ಈ ಹೆಸರಿನ ಪುಟ ಇಲ್ಲ’ ಎಂದು ಬಂತು. ಬರ್ತಾ ಬಾಯಿ ಒಳಗಿನಿಂದ, ಎಷ್ಟೋ ದಿನದ ಮೇಲೆ, “ಊಟಕ್ಕೆ ಬನ್ನಿ” ಎಂದು ಕರೆದರು. ಅವರಿಗೆ ಊಟ ಬೇಕಾಗಿರಲಿಲ್ಲ. ಜೇಮ್ಸನಿಗೆ ಫೋನು ಮಾಡಿ ಬಾಯಿಗೆ ಬಂದಂತೆ ಬೈದರು.

“ನಾನಲ್ಲ ಸರ್” ಎಂದ ಜೇಮ್ಸ್. “ಕಾಪುವಿನ ಸಾಹೇಬರು ನಮ್ಮ ಆಫೀಸಿಗೇ ಫೋನು ಮಾಡಿದ್ದು. ಹಾಸಿಗೆಯಿಂದಲೇ. ಎಡಿಟರು ಹೆದರಿಬಿಟ್ಟರು.”

ಕ್ಲಾರೆನ್ಸರು ಅಂಗಿ ಗುಂಡಿ ತಪ್ಪಿ ಹಾಕಿಕೊಂಡೇ ಬಸ್ಸು ಹತ್ತಿದರು. ಉಡುಪಿಯಲ್ಲಿ ಬಸ್ಸು ಬದಲಿಸುವಾಗ ಯಾರೋ ಗುರುತಿನವರು, “ಓ, ಬದುಕಿದ್ದೀರಂತೆ, ಪೇಪರಿನಲ್ಲಿ ನೋಡಿದೆ” ಎಂದು ಕೈ ಕುಲುಕಿದರು. ಅವರಿಗೂ ನಾಲ್ಕು ಬೈಗುಳ ಬಿತ್ತು.

ಬದ್ರುದ್ದೀನರು ಇನ್ನೂ ಸೋತಿದ್ದರು. ದನಿ ಮೊದಲಿನಷ್ಟು ಇರಲಿಲ್ಲ. ಕ್ಲಾರೆನ್ಸರನ್ನು ಬಾಗಿಲಲ್ಲಿ ಕಂಡು, “ಬಾ, ಬಾ, ಜೀವಂತ ಮನುಷ್ಯ” ಎಂದರು.

“ಯಾಕೆ ಮಾಡಿದಿ?” ಎಂದರು ಕ್ಲಾರೆನ್ಸರು. ದಾರಿಯಲ್ಲಿ ಕಟ್ಟಿಟ್ಟುಕೊಂಡ ಬೈಗುಳವೆಲ್ಲ ಬಾಗಿಲಲ್ಲೇ ಬಿದ್ದುಹೋಯಿತು. “ಅಷ್ಟು ವರ್ಷ ಕಾದದ್ದು. ಕೊನೆಗೆ ಬಂದಿತ್ತು. ನೀನೇ ಅಳಿಸಿದೆಯಲ್ಲ ಮಾರಾಯ! ನಿನ್ನ ಹೆಸರು ಹೋಯಿತಲ್ಲ!”

“ಕೂತುಕೋ ಮೊದಲು.” ಬದ್ರುದ್ದೀನರು ಉಸಿರು ಹಿಡಿದುಕೊಂಡರು. “ನಾನು ಲೆಕ್ಕ ಹಾಕಿದೆ. ಇನ್ನು ಸ್ವಲ್ಪ ದಿನಕ್ಕೆ ನನ್ನ ಮಯ್ಯತ್ ಎತ್ತುತ್ತಾರೆ. ನೀನು ಬಾರದೆ ಇರ್ತೀಯಾ? ಬರ್ತೀ. ಸತ್ತವನು ಮಯ್ಯತಿಗೆ ಬಂದು ನಿಂತರೆ ಜನ ಯಾರನ್ನು ನೋಡ್ತಾರೆ? ನಿನ್ನನ್ನು. ಅಲ್ಲ ಮಾರಾಯ, ಆ ಒಂದು ದಿನವಾದರೂ ಎಲ್ಲರೂ ನನ್ನನ್ನು ನೋಡುವುದು ಬೇಡ್ವಾ?”

ಕ್ಲಾರೆನ್ಸರು ನಗಲು ಹೋದರು, ಆಗಲಿಲ್ಲ. ಅತ್ತುಬಿಟ್ಟರು. ಎಂಬತ್ತರ ಹತ್ತಿರದ ಗಂಡಸು, ಬಾಗಿಲಲ್ಲಿ ನಾಝಿಯಾ, ಸಾಜಿದಾ ನಿಂತಿದ್ದಾರೆ ಎಂಬುದನ್ನೂ ನೋಡದೆ ಗಳಗಳ ಅತ್ತರು. “ಮತ್ತೆ ನಿನ್ನ ಹೆಸರು ಯಾರಿಗೆ ಗೊತ್ತಾಗ್ತದೆ?” ಎಂದು ಅದನ್ನೇ ಕೇಳಿದರು.

ಬದ್ರುದ್ದೀನರು ದಿಂಬಿನ ಕೆಳಗಿನಿಂದ ಮಡಚಿಟ್ಟ ಪೇಪರು ತೆಗೆದು, ಮೂಲೆಯ ಚೌಕಟ್ಟಿನ ಮೇಲೆ ಬೆರಳಿಟ್ಟರು. ಈ ಸಲ ಸಾಲು ಎಲ್ಲಿಗೂ ಓಡಿಹೋಗಲಿಲ್ಲ.

“ಗೊತ್ತಿರುವವನು ಒಬ್ಬ ಬದುಕಿದ್ದಾನಂತೆ” ಎಂದರು. “ಪೇಪರಿನಲ್ಲೇ ಬಂದಿದೆ.”